ಹಸಿರು ಪಟ್ಟಿಯವರು

"ಬಿಚ್ಚೇ ಅದನ್ನ! ನಿಮ್ಮಪ್ಪನ ಮನೆಯಿಂದ ತಂದಿದ್ದಾ?"

ಮೇಸ್ತ್ರಿ ಹೀಗೆ ಕೂಗಿದಾಗ ನಾನು ಬಿಳಿ ಪಿಪಿಇ ಸೂಟಿನೊಳಗೆ ಒಂದು ಕಾಲು ಮಾತ್ರ ತೂರಿಸಿದ್ದೆ. ಇನ್ನೊಂದು ಕಾಲಿನ ಮೇಲೆ ಗೋಡೆ ಹಿಡಿದು ನಿಂತಿದ್ದೆ. ಬೆಳಗಿನ ಪಾಳಿಯವರೆಲ್ಲ ಸಾಲಿನಲ್ಲಿದ್ದರು. ಅವನು ಬಂದವನೇ ಸೂಟನ್ನು ಬುಡದಿಂದ ಎಳೆದ. ನಾನು ಧೊಪ್ಪನೆ ನೆಲಕ್ಕೆ ಕೂತೆ.

"ಕೈ ತೋರ್ಸು."

ತೋರಿಸಿದೆ. ಎಡಗೈ ಮಣಿಕಟ್ಟಿನಲ್ಲಿ ಹಸಿರು ಪ್ಲಾಸ್ಟಿಕ್ ಪಟ್ಟಿ ಇತ್ತು.

"ಇದೇನು, ಬಳೆನಾ? ಹಸಿರು ಪಟ್ಟಿಯವರಿಗೆ ಸೂಟಿಲ್ಲ ಅಂತ ಎಷ್ಟು ಸಲ ಒದರ್ಬೇಕು? ನಿಂಗೆ ಒಂದ್ಸಲ ಬಂದು ಹೋಗಿದೆ. ದೇವರೇ ಒಳಗಡೆ ಒಂದು ಸೂಟ್ ಹೊಲಿದು ಕೊಟ್ಟಿದಾನೆ. ಅದರ ಮೇಲೆ ಇನ್ನೊಂದು ಬೇಕೇನೆ ಮಹಾರಾಣಿಗೆ?"

ಸಾಲಿನಲ್ಲಿ ಕೆಲವರು ನಕ್ಕರು. ಅವರ ಮೇಲೆ ನನಗೆ ಸಿಟ್ಟಿಲ್ಲ. ನಗದಿದ್ದರೆ ಅವರ ಸೂಟೂ ಹೋಗುತ್ತಿತ್ತು.

"ಮೈ ಕೈ ನೋವು ಮೇಸ್ತ್ರಿ. ಮೊನ್ನೆನೇ ಹೇಳಿದ್ನಲ್ಲ, ಒಂದು ಟೆಸ್ಟ್ ಮಾಡ್ಸಿ ಅಂತ."

"ಮೈ ಕೈ ನೋವು ಕೆಲ್ಸ ಮಾಡೋರಿಗೆ ಬರುತ್ತೆ. ನೀನೂ ಕೆಲ್ಸ ಮಾಡ್ತೀಯ ಅಂತ ಗೊತ್ತಾಯ್ತು, ಸಂತೋಷ. ಏಳು, ವಾರ್ಡಿಗೆ ನಡಿ."

ಈ ಪಟ್ಟಿಯ ಕತೆ ಮೊದಲು ಹೇಳಿಬಿಡುತ್ತೇನೆ. ಐದು ತಿಂಗಳ ಹಿಂದೆ ಆಸ್ಪತ್ರೆಯಲ್ಲಿ ನೆಲ ಒರೆಸುವ, ಬಟ್ಟೆ ಒಗೆಯುವ ನಮ್ಮಲ್ಲಿ ಏಳು ಜನಕ್ಕೆ ಕೊರೋನಾ ಬಂತು. ಆಸ್ಪತ್ರೆಗೆಲ್ಲ ಯಜಮಾನರಾದ ದೊಡ್ಡ ಡಾಕ್ಟರಿಗೂ ಬಂತು. ನಾವು ಹದಿನೇಳು ದಿನ ಆಸ್ಪತ್ರೆಯ ಹಿಂದಿನ ಕಟ್ಟಡದಲ್ಲಿ ಕೂತು ಎದ್ದು ಬಂದೆವು. ಅವರು ಒಂದು ತಿಂಗಳು ತಮ್ಮ ಮನೆಯ ಮಹಡಿಯಲ್ಲಿ ಕೂತು ಎದ್ದು ಬಂದರು. ಬಂದವರೇ ಒಂದು ಆರ್ಡರು ಬರೆದರು. ಒಂದು ಸಲ ಬಂದವರಿಗೆ ಮತ್ತೆ ಬರುವುದಿಲ್ಲ, ಅಂಥವರಿಗೆ ಹಸಿರು ಪಟ್ಟಿ ಕಟ್ಟಿ, ಕೊರೋನಾ ವಾರ್ಡು ಇನ್ನು ಅವರದೇ, ಅವರಿಗೆ ಸೂಟು ಬೇಡ, ಟೆಸ್ಟು ಬೇಡ, ಬೆಡ್ಡು ಬೇಡ. ಆ ಪಟ್ಟಿ ಬಿಚ್ಚಲು ಬರುವುದಿಲ್ಲ, ಕತ್ತರಿಸಬೇಕು. ದೊಡ್ಡ ಡಾಕ್ಟರಿಗೂ ಬಂದು ಹೋಗಿತ್ತಲ್ಲ, ಅವರ ಕೈಯಲ್ಲಿ ಮಾತ್ರ ವಾಚಿತ್ತು.

ಮೊದಮೊದಲು ಜನ ಕಿಟಕಿಗಳಲ್ಲಿ, ಮಹಡಿಗಳ ಮೇಲೆ ನಿಂತು ನಮಗಾಗಿ ತಟ್ಟೆ ಬಡಿದಿದ್ದರು. ನಮ್ಮ ಬೀದಿಯಲ್ಲಂತೂ ಒಬ್ಬಾಕೆ ಬಡಿದೂ ಬಡಿದೂ ತಟ್ಟೆಯ ಅಂಚನ್ನೇ ನೆಗ್ಗಿಸಿಕೊಂಡಿದ್ದಳು. ಪಟ್ಟಿ ಕಟ್ಟಿಸಿಕೊಂಡು ಅದೇ ಬೀದಿಯಲ್ಲಿ ನಡೆದರೆ ಅದೇ ಕಿಟಕಿಗಳು ಪಟಪಟ ಮುಚ್ಚಿಕೊಳ್ಳುತ್ತಿದ್ದವು.

ಏಳು ಜನರಲ್ಲಿ ಈಗ ಆರು ಉಳಿದಿದ್ದೇವೆ. ಬಟ್ಟೆ ಒಗೆಯುವ ಅಕ್ಕ ಹೋಗಿ ಹನ್ನೊಂದು ದಿನವಾಯಿತು. ಉಸಿರಾಡಲು ಆಗುತ್ತಿಲ್ಲವೆಂದು ಬಂದು ತಾನೇ ಒಗೆದು ಮಡಚಿಟ್ಟ ಚಾದರಗಳ ಮೇಲೆ ಬಿದ್ದುಕೊಂಡಿದ್ದಳು. ಪಟ್ಟಿ ನೋಡಿ ಮನೆಗೆ ಕಳಿಸಿದರು. ಮೂರನೇ ದಿನ ಸತ್ತಳು. ಆ ವಾರದಲ್ಲೇ ಅವಳ ಅತ್ತೆಯೂ ಸತ್ತಳು. ಅಕ್ಕನ ಕಾಗದದಲ್ಲಿ ಹೃದಯ ನಿಂತು ಸಾವು ಎಂದು ಬರೆದರು. ಸುಳ್ಳೇನಲ್ಲ. ಸತ್ತವರದೆಲ್ಲ ನಿಂತೇ ಇರುತ್ತದೆ.

ಅವಳು ಮನೆಗೆ ಒಯ್ದದ್ದನ್ನು ನಾನೂ ಒಯ್ದುಬಿಟ್ಟರೆ ಎಂಬುದೊಂದೇ ನನ್ನ ಹೆದರಿಕೆ. ನನ್ನ ಗಂಡ ಹದಿನೆಂಟು ವರ್ಷ ಕಲ್ಲು ಕೊರೆಯುವ ಮಿಷನ್ನು ಹಿಡಿದವನು. ಅವನ ಎದೆಯೊಳಗೆ ಕಲ್ಲಿನ ಧೂಳು ಕೂತಿದೆ. ಇವನಿಗೆ ಒಂದು ನೆಗಡಿಯೂ ಬರಕೂಡದು ಎಂದು ಎದೆಯ ಡಾಕ್ಟರು ಎಂದೋ ಹೇಳಿದ್ದಾರೆ. ನಮ್ಮದು ಒಂದೇ ಕೋಣೆಯ ಮನೆ, ನಡುವೆ ಒಂದು ಪರದೆ. ಮೊದಲ ಸಲ ಅವನು ಉಳಿದದ್ದು ನಾನು ಹಿಂದಿನ ಕಟ್ಟಡದಲ್ಲಿ ಇದ್ದುದರಿಂದ. ಆ ಕಟ್ಟಡದ ಬಾಗಿಲು ತೆರೆಯಬೇಕಾದರೆ ಪಾಸಿಟಿವ್ ಎಂಬ ಕಾಗದ ಬೇಕು. ಪಟ್ಟಿಯವರಿಗೆ ಆ ಕಾಗದವಿಲ್ಲ.

ನನ್ನನ್ನು ಆಸ್ಪತ್ರೆಯಲ್ಲಿ ಎಲ್ಲರೂ ಫಿನಾಯಿಲು ಎಂದೇ ಕರೆಯುತ್ತಾರೆ. ಹೊಸಬರು ಮುಚ್ಚಳದಲ್ಲಿ ಅಳೆದು ನೀರಿಗೆ ಫಿನಾಯಿಲ್ ಬೆರೆಸುತ್ತಾರೆ, ನಾನು ಮೂಗಿನಲ್ಲೇ ಅಳೆಯುತ್ತೇನೆ. ಹತ್ತು ವರ್ಷದ ಅಭ್ಯಾಸ, ಮಾಸ್ಕ್ ಹಾಕಿಕೊಂಡೂ ತಪ್ಪುವುದಿಲ್ಲ. ಆ ಬೆಳಗ್ಗೆ ಬಕೆಟ್ಟಿಗೆ ಹುಯ್ದೆ, ವಾಸನೆ ಏಳಲಿಲ್ಲ. ಇನ್ನಷ್ಟು ಹುಯ್ದೆ, ಆಗಲೂ ಇಲ್ಲ. ಕ್ಯಾನಿಗೆ ನೀರು ಬೆರೆಸುವುದು ಮೇಸ್ತ್ರಿಗೆ ಹೊಸತೇನಲ್ಲ. ಈ ಸಲ ಬೋಳಿಮಗ ಪೂರ್ತಿ ನೀರನ್ನೇ ತುಂಬಿದ್ದಾನೆ ಎಂದು ಬೈದುಕೊಂಡು ಅರ್ಧ ಕ್ಯಾನು ಬಗ್ಗಿಸಿದೆ. ಮೂರನೇ ಮಂಚದ ತನಕ ಒರೆಸಿದ್ದೆ, ಅಷ್ಟರಲ್ಲಿ ಇಡೀ ವಾರ್ಡು ಕೆಮ್ಮತೊಡಗಿತು. ಸ್ವಾಬ್ ತೆಗೆಯುವ ಸಿಸ್ಟರ್ ಬಾಗಿಲಿಗೆ ಓಡಿ ಬಂದರು.

"ಏನೇ ಇದು? ವಾರ್ಡ್ ಒರೆಸ್ತಿದೀಯೋ, ಜನಾನ ಸಾಯಿಸ್ತಿದೀಯೋ? ಕಾರಿಡಾರ್ ತನಕ ನಾತ ಹೊಡೀತಿದೆ!"

ಬಕೆಟ್ ನೋಡಿದೆ. ನೀರು ಹಾಲಿನಂತೆ ಬೆಳ್ಳಗಿತ್ತು. ಮಾಸ್ಕ್ ಕೆಳಗಿಳಿಸಿ ಕ್ಯಾನಿನ ಬಾಯಿಗೇ ಮೂಗು ಒಡ್ಡಿ ಎಳೆದೆ. ಏನೂ ಇಲ್ಲ. ಮೊದಲ ಸಲವೂ ನನಗೆ ಗೊತ್ತಾದದ್ದು ಹೀಗೆಯೇ.

ಸಿಸ್ಟರ್ ಕಿಟಕಿಗಳನ್ನೆಲ್ಲ ತೆರೆದು ಬಂದು ನನ್ನ ಮುಖ ನೋಡಿದರು. ಅವರಿಗೂ ಅರ್ಥವಾಯಿತು.

"ಯಾವತ್ತಿಂದ?"

"ವಾಸನೆ ಇವತ್ತು ಹೋಗಿದೆ. ಮೈ ಕೈ ನೋವು ಮೊನ್ನೆಯಿಂದ. ಎರಡು ರಾತ್ರಿ ಮನೇಲೇ ಮಲಗಿದೀನಿ ಸಿಸ್ಟರ್. ಬೇಗ ಮೂಗಿಗೆ ಒಂದು ಕಡ್ಡಿ ಹಾಕಿ ನೋಡಿ."

"ಪಟ್ಟಿಯವರದು ತೆಗೀಬೇಕಂದ್ರೆ ದೊಡ್ಡ ಡಾಕ್ಟ್ರ ಸೈನ್ ಬೇಕು. ಸುಮ್ನೆ ತೆಗೆದ್ರೆ ನನ್ನ ಕೆಲ್ಸ ಹೋಗುತ್ತೆ ಕಣಮ್ಮ. ನೀನೇ ಹೋಗಿ ಕೇಳು. ಕಾಲು ಹಿಡ್ಕೊಂಡಾದ್ರೂ ಕೇಳು."

ಕಾಲು ಹಿಡಿಯಲು ಹತ್ತಿರ ಹೋಗಬೇಕಲ್ಲ. ದೊಡ್ಡ ಡಾಕ್ಟರ ಕೋಣೆಯ ಹೊಸ್ತಿಲಿನ ಮುಂದೆ ಹಳದಿ ಗೆರೆ ಎಳೆದಿದ್ದರು. ಪಟ್ಟಿಯವರಿಂದ ಏನೂ ಬರುವುದಿಲ್ಲ ಎಂದು ಬರೆದ ಮನುಷ್ಯನೇ ಪಟ್ಟಿಯವರು ಈ ಗೆರೆ ದಾಟಕೂಡದು ಎಂದೂ ಬರೆದಿದ್ದ. ನಾನು ಗೆರೆಯ ಈಚೆಗೇ ನಿಂತು ಕೈ ಮುಗಿದೆ.

"ವಾಸನೆ ಹೋಗಿದೆ ಸಾರ್. ಒಂದು ಟೆಸ್ಟಿಗೆ ಸೈನ್ ಹಾಕಿ."

ಅವರು ತಲೆ ಎತ್ತಲಿಲ್ಲ. "ಯಾವ ಮೆಡಿಕಲ್ ಕಾಲೇಜಲ್ಲಿ ಓದಿದ್ದು ನೀನು?"

"ಓದಿಲ್ಲ ಸಾರ್."

"ಹಾಗಾದ್ರೆ ಓದಿದೋರ ಮಾತು ಕೇಳು. ಟೆಸ್ಟ್ ಮಾಡಿದ್ರೆ ನಿಂಗೆ ಪಾಸಿಟಿವ್ ಬಂದ್ರೂ ಬರಬಹುದು. ಅದು ಹಳೇದರ ಉಳಿಕೆ, ಸತ್ತ ವೈರಸ್ಸು. ಹೆಣ ಎಣಿಸ್ತಾ ಕೂರೋಕೆ ನಂಗೆ ಸಂಬಳ ಕೊಡಲ್ಲ."

"ಬಟ್ಟೆ ಒಗೆಯೋ ಅಕ್ಕಂಗೂ ಹಿಂಗೇ ಆಗಿತ್ತು ಸಾರ್."

"ಅವಳದು ಹಾರ್ಟು." ಈಗ ತಲೆ ಎತ್ತಿದರು. "ನಿಮ್ಮ ಜನ ನಂಗೆ ಗೊತ್ತಿಲ್ವಾ? ಎರಡು ಹೊತ್ತು ಊಟ ಹಾಕಿ ಮಲಗಿಸ್ತಾರೆ ಅಂದ್ರೆ ಮೂಗಷ್ಟೇ ಅಲ್ಲ, ಕಣ್ಣೂ ಹೋಗುತ್ತೆ ನಿಮಗೆ."

"ರಜಾ ಬೇಡ ಸಾರ್. ಪಾಳಿ ಮುಗಿಸೇ ಹೋಗ್ತೀನಿ. ಮನೆಗೆ ಹೋಗಬಾರ್ದು ಅಷ್ಟೇ. ಯಜಮಾನ್ರ ಎದೆ ಸರಿಯಿಲ್ಲ. ಹಿಂದಿನ ಕಟ್ಟಡದಲ್ಲಿ ಒಂದು ಮೂಲೆ ಕೊಡಿ, ನಿಮ್ಮ ದಮ್ಮಯ್ಯ."

"ಒಬ್ಬಳಿಗೆ ಎರಡನೇ ಸಲ ಬಂತು ಅಂತ ಬರೆದ್ರೆ ನಾಳೆ ಆರು ಜನಾನೂ ಇಲ್ಲೇ ಬಂದು ನಿಲ್ತೀರ. ಆಮೇಲೆ ಆ ವಾರ್ಡ್ ಯಾರು ಒರೆಸ್ತಾರೆ? ನಾನು ಒರೆಸ್ಲಾ?" ಅವರು ಎದೆ ತಟ್ಟಿ ತೋರಿಸಿದರು. "ನಂಗೂ ಬಂದು ಹೋಗಿದೆ. ನೋಡು, ಕಲ್ಲಿನ ಥರ ಇದೀನಿ. ಹೋಗು. ಹೋಗ್ತಾ ಇವತ್ತಿನ ನಂದು ಕಳಿಸಿಬಿಡು."

ಇವತ್ತಿನ ನಂದು ಎಂದರೆ ಅವರ ಸ್ವಾಬು. ಪ್ರತಿ ವಾರ ಅವರಿಗೆ ಆರೋಗ್ಯ ಇಲಾಖೆಯ ಮೇಲಿನ ಆಫೀಸಿನಲ್ಲಿ ಮೀಟಿಂಗು. ನೆಗೆಟಿವ್ ಕಾಗದವಿಲ್ಲದವರನ್ನು ಅಲ್ಲಿಗೆ ಬಿಡುವುದಿಲ್ಲ, ಅಲ್ಲಿ ಯಾವ ಪಟ್ಟಿಯೂ ನಡೆಯುವುದಿಲ್ಲ. ಮೊದಲ ಸಲ ಸಿಸ್ಟರ್ ಮೂಗಿಗೆ ಕಡ್ಡಿ ಹಾಕಿದಾಗ ಈ ಮನುಷ್ಯ ಎಲ್ಲರೆದುರು ಕಣ್ಣು ಮೂಗು ಸುರಿಸಿಕೊಂಡು ಆರು ಸಲ ಸೀನಿದ್ದ. ಆಮೇಲೆ ಮೂಗು ಕೊಡಲೇ ಇಲ್ಲ. ಟ್ಯೂಬಿಗೆ ಅವರ ಹೆಸರಿನ ಚೀಟಿ ಅಂಟಿಸಿ, ಹೊಸ ಕಡ್ಡಿಯೊಂದನ್ನು ಹಾಗೇ ಒಳಗೆ ಅದ್ದಿ ಕಳಿಸುವುದು ಪದ್ಧತಿಯಾಯಿತು. ಸ್ವಾಬಿನ ಪೆಟ್ಟಿಗೆಯನ್ನು ಲ್ಯಾಬಿನ ವ್ಯಾನಿಗೆ ಹೊರುವವಳು ನಾನಾದ್ದರಿಂದ ಅದ್ದುವ ಕೆಲಸವೂ ನನಗೇ ಬಂತು. ಹನ್ನೊಂದು ವಾರ ಅದ್ದಿದ್ದೆ. ಹನ್ನೊಂದು ವಾರವೂ ನೆಗೆಟಿವ್ ಬಂದಿತ್ತು. ಹತ್ತಿ ಸುತ್ತಿದ ಕಡ್ಡಿಗೆ ಕೊರೋನಾ ಎಲ್ಲಿಂದ ಬರಬೇಕು?

ಸ್ವಾಬಿನ ಕೋಣೆಗೆ ಬಂದಾಗ ಸಿಸ್ಟರ್ ನನ್ನ ಮುಖ ನೋಡಿದರು. ದೊಡ್ಡ ಡಾಕ್ಟರ ಹೆಸರಿನ ಟ್ಯೂಬನ್ನು ಸ್ಟ್ಯಾಂಡಿನಲ್ಲಿಟ್ಟರು. ಒಳಗೆ ಗುಲಾಬಿ ಬಣ್ಣದ ನೀರು ಇತ್ತು. ಪಕ್ಕದಲ್ಲಿ ಕಾಗದದ ಚೀಲದಲ್ಲಿ ಹೊಸ ಕಡ್ಡಿ.

"ಅದ್ದಿ ಮುಚ್ಚು. ವ್ಯಾನ್ ಬಂದಿದೆ," ಎಂದು ಕೈ ತೊಳೆಯಲು ನಲ್ಲಿಯ ಕಡೆ ತಿರುಗಿದರು.

ಚೀಲ ಹರಿದೆ. ಕಡ್ಡಿ ಕೈಯಲ್ಲಿತ್ತು. ಹನ್ನೊಂದು ವಾರ ಸಲೀಸಾಗಿ ಅದ್ದಿದ್ದೆ, ಈಗ ಅದ್ದಲಿಲ್ಲ. ಸಿಕ್ಕಿಬಿದ್ದರೆ ಕೆಲಸ ಹೋಗುತ್ತದೆ, ಜೈಲೂ ಆಗಬಹುದು. ಬಟ್ಟೆ ಒಗೆಯುವ ಅಕ್ಕನ ಮುಖ ನೆನಪಾಯಿತು. ಮಾಸ್ಕ್ ಇಳಿಸಿದೆ. ಕಡ್ಡಿಯನ್ನು ನನ್ನ ಮೂಗಿಗೆ ತೂರಿಸಿದೆ.

"ಅಷ್ಟಕ್ಕೇ ನಿಲ್ಲಿಸಿದ್ರೆ ಏನೂ ಬರಲ್ಲ," ಎಂದರು ಸಿಸ್ಟರ್. ಬೆನ್ನು ನನ್ನ ಕಡೆಗೇ ಇತ್ತು, ನಲ್ಲಿ ಸುರಿಯುತ್ತಲೇ ಇತ್ತು. "ಇನ್ನೂ ಒಳಗೆ ಹೋಗ್ಬೇಕು. ತಡೆದ ಮೇಲೆ ತಿರುಗಿಸಿ ಹತ್ತು ಎಣಿಸು. ಆಮೇಲೆ ಕಡ್ಡಿ ಗೆರೆ ಹತ್ರ ಮುರಿ. ಉದ್ದ ಇದ್ರೆ ಮುಚ್ಚಳ ಕೂರಲ್ಲ."

ಹತ್ತು ಎಣಿಸಿದೆ. ಕಣ್ಣಿಂದ ನೀರು ದಳದಳ ಇಳಿಯಿತು. ಕಡ್ಡಿ ಮುರಿದು ಟ್ಯೂಬಿಗೆ ಹಾಕಿ, ಮುಚ್ಚಳ ಬಿಗಿದು, ಪೆಟ್ಟಿಗೆ ಹೊತ್ತೆ. ಸಿಸ್ಟರ್ ಇನ್ನೂ ಕೈ ತೊಳೆಯುತ್ತಿದ್ದರು.

ಸಂಜೆ ನಮ್ಮ ಬೀದಿಗೆ ಹೋದೆ, ಆದರೆ ಮನೆಯೊಳಗೆ ಹೋಗಲಿಲ್ಲ. ಮೆಟ್ಟಿಲ ಕೆಳಗೆ ನಿಂತು ಫೋನ್ ಮಾಡಿದೆ.

"ಬಾಗಿಲು ಹಾಕ್ಕೊಂಡು ಒಳಗೇ ಇರ್ರೀ. ನಾನು ಬಂದ್ರೂ ತೆಗೀಬೇಡಿ."

"ನಿನಗೆ ತೆಗೀದೆ ಇನ್ಯಾರಿಗೆ ತೆಗೀಲೆ? ಹೆಸರು ಹೇಳು, ಕಾಯ್ತೀನಿ," ಎಂದು ನಕ್ಕ. ನಗುವ ನಡುವೆ ಅವನ ಮಾಮೂಲಿ ಕೆಮ್ಮು ಬಂತು. ಧೂಳಿನ ಕೆಮ್ಮು ಎದೆಯ ತಳದಿಂದ ಕೆರೆದುಕೊಂಡು ಬಂದು, ಕಫ ಬಿದ್ದ ಮೇಲೆ ನಿಲ್ಲುತ್ತದೆ.

"ತಮಾಷೆ ಅಲ್ಲ. ನಂಗೆ ಮತ್ತೆ ಬಂದಿದೆ ಅನ್ಸುತ್ತೆ."

ಕಿಟಕಿಯ ಸರಳಿನ ಹಿಂದೆ ಅವನ ಮುಖ ಕಂಡಿತು.

"ನೀನೆಲ್ಲಿ ಮಲಗ್ತೀಯೆ?"

"ಆಸ್ಪತ್ರೇಲಿ. ಚಾದರ ಇಡೋ ಕೋಣೆ ಇದೆ."

"ಹೂಂ. ನನ್ನ ಚಿಂತೆ ಬಿಡು. ನಿನ್ನ ದಿಂಬು ಇದೆಯಲ್ಲ, ಅದರ ಫಿನಾಯಿಲ್ ನಾತಕ್ಕೆ ನೀನೇ ಪಕ್ಕದಲ್ಲಿ ಬಿದ್ಕೊಂಡಿದೀಯ ಅನ್ಸುತ್ತೆ. ಆ ದಿಂಬಿನ ಹತ್ರ ಯಾವ ಕೊರೋನಾನೂ ಬರಲ್ಲ."

ಹತ್ತು ವರ್ಷದಿಂದ ಅವನದು ಇದೇ ತಮಾಷೆ. ಅವತ್ತು ಅದನ್ನು ಕೇಳಿ ನನಗೆ ಅಳು ಬಂತು. ಅವನಿಗೆ ಕಾಣದಿರಲೆಂದು ತಿರುಗಿ ನಡೆದೆ.

ಮರುದಿನ ಜ್ವರದಲ್ಲೇ ವಾರ್ಡು ಒರೆಸಿದೆ. ಸುದ್ದಿಯಿಲ್ಲ. ಅದರ ಮರುದಿನ ಬೆಳಗ್ಗೆ ಕಾರಿಡಾರಿನಲ್ಲಿ ಒರೆಸುವ ಕೋಲು ಹಿಡಿದು ನಿಂತಿದ್ದೆ. ಎದುರಿನ ಕೋಣೆಯೊಳಗೆ ದೊಡ್ಡ ಡಾಕ್ಟರು ಮೀಟಿಂಗಿಗೆ ಹೊರಟು ಕೋಟು ಹಾಕಿಕೊಳ್ಳುತ್ತಿದ್ದರು. ಒಂದು ತೋಳು ಕೋಟಿನೊಳಗೆ ಇರುವಾಗಲೇ ಫೋನ್ ಬಂತು. ಕೈ ಬಿಡುವಿಲ್ಲವೆಂದು ಮೇಜಿನ ಮೇಲಿಟ್ಟು ಸ್ಪೀಕರ್ ಒತ್ತಿದರು. ಮೇಲಿನ ಆಫೀಸಿನ ಅಧಿಕಾರಿ, ಹೆಂಗಸಿನ ದನಿ.

"ಡಾಕ್ಟ್ರೇ, ಹೊರಡಬೇಡಿ. ನಿಮ್ಮದು ಪಾಸಿಟಿವ್ ಬಂದಿದೆ."

ಅವರು ನಕ್ಕರು. "ಸಾಧ್ಯವೇ ಇಲ್ಲ ಮೇಡಂ. ನನಗೆ ಒಂದ್ಸಲ ಬಂದು ಹೋಗಿದೆ. ಅದು ಹಳೇದರ ಉಳಿಕೆ."

"ಹಳೇದಾದ್ರೆ ಹನ್ನೊಂದು ವಾರ ನೆಗೆಟಿವ್ ಹೇಗೆ ಬಂತು? ನಿಮ್ಮ ಹನ್ನೊಂದು ರಿಪೋರ್ಟೂ ನನ್ನ ಮುಂದೇನೇ ಇದೆ. ಆ ಉಳಿಕೆ ಇಷ್ಟು ದಿನ ಎಲ್ಲಿತ್ತು?"

ದೊಡ್ಡ ಡಾಕ್ಟರಿಗೆ ಈಗ ಎರಡೇ ದಾರಿ. ಆ ಹನ್ನೊಂದು ಸುಳ್ಳು ಎನ್ನಬೇಕು, ಇಲ್ಲವೇ ಈ ಒಂದು ನಿಜ ಎನ್ನಬೇಕು. ಖಾಲಿ ತೋಳು ಬೆನ್ನಿನ ಹಿಂದೆ ಜೋತಾಡುತ್ತಿತ್ತು.

"ಎರಡನೇ ಸಲದ ಸೋಂಕು ಅಂತಲೇ ಬರ್ಕೋತಿದೀವಿ. ನಿಮ್ಮ ಕೋಣೆಗೆ ಬಂದು ಹೋದ ಎಲ್ಲರ ಸ್ವಾಬ್ ಇವತ್ತೇ ತೆಗೀಬೇಕು. ನಿಮಗೇ ಎರಡನೇ ಸಲ ಬಂದಿದೆ ಅಂದ್ಮೇಲೆ ಆ ಹಸಿರು ಪಟ್ಟಿ ಆರ್ಡರ್ ಇಟ್ಕೊಂಡು ಏನು ಮಾಡ್ತೀರ? ಪಟ್ಟಿಯವರದೂ ತೆಗೀಬೇಕು, ಇಲ್ಲಿಂದ ಜನ ಕಳಿಸ್ತಿದೀನಿ."

ಫೋನ್ ನಿಂತಿತು. ಅವರು ನಿಧಾನವಾಗಿ ಬಾಗಿಲ ಕಡೆ ನೋಡಿದರು. ನಾನು ಹಳದಿ ಗೆರೆಯ ಮೇಲೆಯೇ ನಿಂತಿದ್ದೆ.

"ಯಾರ ಮೂಗೇ ಅದು?"

"ಟ್ಯೂಬಿನ ಮೇಲೆ ನಿಮ್ಮ ಹೆಸರಿತ್ತು ಸಾರ್."

"ಹಲ್ಕಾ ಮುಂಡೆ. ಪೊಲೀಸ್ ಕರೆಸ್ತೀನಿ."

"ಕರೆಸಿ. ನನ್ನ ಮೂಗು ನಿಮ್ಮ ಟ್ಯೂಬಿಗೆ ಹೇಗೆ ಬಂತು ಅಂತ ಕೇಳ್ತಾರೆ, ಹೇಳ್ತೀನಿ. ಹನ್ನೊಂದು ವಾರ ನಿಮ್ಮ ಮೂಗು ಎಲ್ಲಿ ಹೋಗಿತ್ತು ಅಂತಾನೂ ಕೇಳ್ತಾರೆ. ಅದನ್ನ ನೀವು ಹೇಳಿ."

ಅವರ ಕೈ ಫೋನಿನ ತನಕ ಹೋಯಿತು. ಅಲ್ಲೇ ನಿಂತಿತು. ನಾನು ಗೆರೆಯ ಮೇಲೂ ಒಂದು ಸಲ ಒರೆಸಿ, ಬಕೆಟ್ ಎತ್ತಿಕೊಂಡು ಬಂದೆ.

ಮಧ್ಯಾಹ್ನದೊಳಗೆ ಆರೂ ಜನರ ಮೂಗಿಗೆ ಅವರವರ ಹೆಸರಿನಲ್ಲೇ ಕಡ್ಡಿ ಹೋಯಿತು. ಅರ್ಧ ಗಂಟೆಯ ಟೆಸ್ಟು. ನಾಲ್ವರಿಗೆ ಪಾಸಿಟಿವ್ ಬಂತು, ಅದರಲ್ಲಿ ನಾನೊಬ್ಬಳು. ನಾಲ್ಕೂ ಕಾಗದಗಳ ಮೇಲೆ ಎರಡನೇ ಸಲ ಎಂದು ಬರೆದಿತ್ತು. ಮೇಸ್ತ್ರಿ ಮಾರು ದೂರದಿಂದ ಹೊಸ ಬಿಳಿ ಸೂಟೊಂದನ್ನು ಕೋಲಿಗೆ ಸಿಕ್ಕಿಸಿ ಚಾಚಿದ. "ಹಾಕ್ಕೊಳಮ್ಮ, ಹಾಕ್ಕೊಂಡು ಹೋಗಮ್ಮ." ಸಿಸ್ಟರ್ ಕತ್ತರಿ ತಂದು ಪಟ್ಟಿ ಕತ್ತರಿಸಿದರು. ಅದರಡಿಯ ಚರ್ಮ ಬಿಳಿಚಿಕೊಂಡಿತ್ತು. ನಾವು ಬದುಕಿದೆವು ಎಂದೇ ಅಂದುಕೊಂಡೆವು.

ಹಿಂದಿನ ಕಟ್ಟಡದಲ್ಲಿ ನಾಲ್ಕು ಮಂಚ, ಒಂದು ಕಿಟಕಿ, ಒಬ್ಬೊಬ್ಬರಿಗೆ ಒಂದೊಂದು ಸ್ಟೀಲ್ ತಟ್ಟೆ. ಕಾಗದ ಕೈಗೆ ಬಂದ ಕೂಡಲೇ ಗಂಡನಿಗೆ ಫೋನ್ ಮಾಡಿದೆ.

"ಸಿಕ್ತಾ? ಗೆದ್ದೆ ಬಿಡು," ಎಂದ. ನಗಲು ಹೋದ, ಕೆಮ್ಮಿದ.

ನನ್ನ ಮೈಯೆಲ್ಲ ಕಿವಿಯಾಯಿತು. ಅದು ತಳದಿಂದ ಬಂದ ಕೆಮ್ಮಲ್ಲ. ಗಂಟಲಿನಿಂದ, ಒಣಕಲಾಗಿ, ಚಿಕ್ಕಚಿಕ್ಕದಾಗಿ, ಒಂದರ ಬೆನ್ನಿಗೆ ಒಂದು.

"ಏನ್ರೀ ಅದು ಕೆಮ್ಮು?"

"ಧೂಳು ಕಣೆ. ಹೊಸದಾ?"

"ನನ್ನ ದಿಂಬು ತಗೊಳ್ಳಿ. ಮೂಸಿ ನೋಡಿ. ಫಿನಾಯಿಲ್ ನಾತ ಬರುತ್ತಾ?"

"ಏನೇ ಇದು ಹುಚ್ಚು?"

"ಮೂಸಿ ನೋಡ್ರೀ!"

ಮಂಚ ಕಿರುಗುಟ್ಟಿದ್ದು ಕೇಳಿಸಿತು. ಆಮೇಲೆ ಉಸಿರು ಎಳೆದದ್ದು. ಒಂದು ಸಲ. ಇನ್ನೊಂದು ಸಲ. ಇನ್ನೂ ಜೋರಾಗಿ ಮತ್ತೊಂದು ಸಲ.

"ಇಲ್ಲ ಕಣೆ," ಎಂದ. ದನಿ ಚಿಕ್ಕದಾಗಿತ್ತು. "ಹೋಗಿಬಿಟ್ಟಿದೆ. ನೀನು ಮಲಗಿ ಎರಡು ದಿನ ಆಯ್ತಲ್ಲ, ಅದಕ್ಕೇ ಹೋಗಿರುತ್ತೆ."

ಹತ್ತು ವರ್ಷದ ನಾತ ಎರಡು ದಿನಕ್ಕೆ ಹೋಗುವುದಿಲ್ಲ. ಅದು ಅವನಿಗೂ ಗೊತ್ತಿತ್ತು.

ನಾನು ಬಾಗಿಲಿಗೆ ಓಡಿದೆ. ಹೊರಗಿನಿಂದ ಚಿಲಕ ಹಾಕಿದ್ದರು. ಕಿಟಕಿಯ ಹೊರಗೆ, ಅಂಗಳದಾಚೆ ಮೇಸ್ತ್ರಿ ಹೋಗುತ್ತಿದ್ದ.

"ಮೇಸ್ತ್ರಿ! ಗಾಡಿ ಕಳ್ಸಿ! ನನ್ನ ಯಜಮಾನ್ರಿಗೆ ಬಂದಿದೆ. ಈಗ್ಲೇ ಕರ್ಕೊಂಡು ಬರ್ಬೇಕು!"

"ಟೆಸ್ಟ್ ಆಗಿದ್ಯಾ?"

"ಆಗಿಲ್ಲ, ಅದಕ್ಕೇ ಗಾಡಿ ಕಳ್ಸಿ ಅಂತಿರೋದು!"

"ಟೆಸ್ಟ್ ಆಗ್ದೆ ಗಾಡಿ ಬರಲ್ಲ. ನಾಳೆ ನೋಡೋಣ. ಸುಮ್ನೆ ಮಲ್ಕೊಳಮ್ಮ ನೀನು."

ಅವನು ಹೆಜ್ಜೆ ಬೀಸಿ ನಡೆದ. ನಾನು ಮಂಚದ ಮೇಲಿದ್ದ ತಟ್ಟೆ ತೆಗೆದುಕೊಂಡು ಕಿಟಕಿಯ ಸರಳಿಗೆ ಬಡಿದೆ. ಅವನು ತಿರುಗಿ ನೋಡಿದ. ಮತ್ತೆ ಬಡಿದೆ. ಹಿಂದಿನಿಂದ ಉಳಿದ ಮೂವರೂ ತಮ್ಮ ತಮ್ಮ ತಟ್ಟೆ ಹಿಡಿದು ಬಂದರು. ಬಡಿದೂ ಬಡಿದೂ ನನ್ನ ತಟ್ಟೆಯ ಅಂಚು ನೆಗ್ಗಿತು. ಸಿಸ್ಟರ್ ಕಡ್ಡಿಯ ಪೆಟ್ಟಿಗೆ ಹಿಡಿದು ವರಾಂಡಕ್ಕೆ ಬಂದರು, ಮೇಸ್ತ್ರಿ ಕೈ ಅಡ್ಡ ಹಿಡಿದ. ನನ್ನ ಎಡಗೈಯಲ್ಲಿ ಫೋನ್ ಇನ್ನೂ ಕಿವಿಗೇ ಇತ್ತು. ಆ ಸದ್ದಿನಲ್ಲಿ ನನ್ನ ಗಂಡ ಕೆಮ್ಮುತ್ತಿದ್ದಾನೋ ಇಲ್ಲವೋ ನನಗೆ ಕೇಳಿಸಲಿಲ್ಲ. ಬಡಿಯುವುದನ್ನು ನಿಲ್ಲಿಸಲಿಲ್ಲ.